ಸ್ಕ್ಲೀರಲ್ ಲೆನ್ಸ್ ಹಾಕಿಕೊಂಡರೆ ಕಣ್ಣಿನ ಆಕಾರ ಬದಲಾಗುತ್ತದೆಯೇ? ಮಗಳ ವರದಿಯಲ್ಲಿ ಅಂಕಿ ಇಳಿದಿದೆ

ಮಂಡಗದ್ದೆ ತೋಟದವರು:

ಮಗಳಿಗೆ ಹತ್ತೊಂಬತ್ತು ವರ್ಷ. ಶಿವಮೊಗ್ಗದಲ್ಲಿ ಹಾಸ್ಟೆಲಿನಲ್ಲಿದ್ದುಕೊಂಡು ಬಿ.ಎಸ್‌ಸಿ. ಓದುತ್ತಿದ್ದಾಳೆ. ಎರಡೂ ಕಣ್ಣಿಗೆ ಕೆರಟೋಕೋನಸ್ ಇದೆ, ಎಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪೊರೆಯಾದ ಕಾರ್ನಿಯಾ ತೆಳುವಾಗಿ ಶಂಕುವಿನಂತೆ ಮುಂದಕ್ಕೆ ಉಬ್ಬುವ ಕಾಯಿಲೆ. ಎಡಗಣ್ಣಿನದು ಕನ್ನಡಕದಲ್ಲಿ ನಿಭಾಯಿಸುವಷ್ಟು, ಬಲಗಣ್ಣಿನದು ಯಾವ ಕನ್ನಡಕಕ್ಕೂ ಬಗ್ಗದಷ್ಟು. ಕಳೆದ ಸಲ ಅಡಿಕೆ ಕೊಯ್ಲು ಮುಗಿಯುವ ಹೊತ್ತಿಗೆ ಬಲಗಣ್ಣಿಗೆ ಸ್ಕ್ಲೀರಲ್ ಲೆನ್ಸ್ (ಬಿಳಿಗುಡ್ಡೆಯ ಮೇಲೆ ಕೂರುವ ದೊಡ್ಡ ಕಾಂಟ್ಯಾಕ್ಟ್ ಲೆನ್ಸ್) ಮಾಡಿಸಿದೆವು. ಅಲ್ಲಿಯವರೆಗೆ ಒಂದು ಬಲ್ಬು ನಾಲ್ಕಾಗಿ, ಪ್ರತಿಯೊಂದಕ್ಕೂ ಬಾಲ ಬಂದು ಕಾಣುತ್ತದೆ ಎನ್ನುತ್ತಿದ್ದವಳು ಈಗ ತೀರ್ಥಹಳ್ಳಿ ಬಸ್ಸಿನ ಬೋರ್ಡನ್ನು ದೂರದಿಂದಲೇ ಓದುತ್ತಾಳೆ. ಲೆನ್ಸಿನ ಬಗ್ಗೆ ನನ್ನದೇನೂ ತಕರಾರಿಲ್ಲ.

ಗೊಂದಲ ಇರುವುದು ವರದಿಯಲ್ಲಿ. ಲೆನ್ಸ್ ಮಾಡಿಸುವ ಮೊದಲಿನ ಟೊಪೊಗ್ರಫಿಯಲ್ಲಿ, ಎಂದರೆ ಕಾರ್ನಿಯಾದ ಆಕಾರ ಅಳೆಯುವ ಸ್ಕ್ಯಾನಿನಲ್ಲಿ, ಬಲಗಣ್ಣಿನ ಕೆ-ಮ್ಯಾಕ್ಸ್ (ಅತ್ಯಂತ ಕಡಿದಾದ ಜಾಗದ ಬಾಗು) 56.8 ಡಯಾಪ್ಟರ್, ಕಾರ್ನಿಯಾ ಅತ್ಯಂತ ತೆಳುವಾಗಿರುವ ಜಾಗದಲ್ಲಿ ದಪ್ಪ 438 ಮೈಕ್ರಾನ್. ಮೊನ್ನೆ ಮಾಡಿಸಿದ್ದರಲ್ಲಿ 55.7 ಮತ್ತು 445. ಲೆನ್ಸ್ ಕೊಟ್ಟವರು ಇದನ್ನು ನೋಡಿ, "ಲೆನ್ಸು ಶಂಕುವನ್ನು ಒತ್ತಿ ಕೂರಿಸುತ್ತಿದೆ, ಕಾಯಿಲೆ ಹಿಂದಕ್ಕೆ ಸರಿಯುತ್ತಿದೆ, ಕ್ರಾಸ್‌ಲಿಂಕಿಂಗ್ ಸದ್ಯಕ್ಕೆ ಬೇಡ" ಎಂದು ಖುಷಿಯಿಂದ ಹೇಳಿದರು. ಬೆಂಗಳೂರಿನ ವೈದ್ಯರು ಕ್ರಾಸ್‌ಲಿಂಕಿಂಗ್ (ಕಾಯಿಲೆ ಮುಂದುವರಿಯದಂತೆ ಕಾರ್ನಿಯಾವನ್ನು ಗಟ್ಟಿ ಮಾಡುವ ಚಿಕಿತ್ಸೆ) ಮಾಡಿಸಿ ಎಂದು ಬರೆದುಕೊಟ್ಟ ಚೀಟಿ ಇನ್ನೂ ಕಡತದಲ್ಲಿದೆ.

ಇನ್ನೊಂದು ಕಡೆ ನಮ್ಮ ಭಾವ. ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿ ನಿವೃತ್ತರಾದವರು, ಆದ್ದರಿಂದ ಮನೆಯಲ್ಲಿ ವೈದ್ಯಶಾಸ್ತ್ರದ ಕೊನೆಯ ಮಾತು ಅವರದೇ. ರಾತ್ರಿ ಮಗಳು ಲೆನ್ಸ್ ತೆಗೆದಾಗ ಬಿಳಿಗುಡ್ಡೆಯ ಮೇಲೆ ವೃತ್ತಾಕಾರದ ಗುರುತು ಬಿದ್ದಿದ್ದನ್ನು ನೋಡಿ, "ಇದು ಕಣ್ಣನ್ನೇ ಹಿಸುಕಿ ಆಕಾರಗೆಡಿಸುತ್ತಿದೆ, ನಿಲ್ಲಿಸಿ" ಎಂದು ಪಟ್ಟು ಹಿಡಿದಿದ್ದಾರೆ.

ಒಬ್ಬರು ಲೆನ್ಸ್ ಕಣ್ಣನ್ನು ಸರಿಪಡಿಸುತ್ತಿದೆ ಎನ್ನುತ್ತಾರೆ, ಇನ್ನೊಬ್ಬರು ಕೆಡಿಸುತ್ತಿದೆ ಎನ್ನುತ್ತಾರೆ. ಆಕಾರ ಬದಲಾಗುತ್ತದೆ ಎನ್ನುವುದರಲ್ಲಿ ಮಾತ್ರ ಇಬ್ಬರಿಗೂ ಒಮ್ಮತ. ತಿಳಿದವರು ದಯವಿಟ್ಟು ಹೇಳಿ.

ಸಾಗರದ ಸೀಮೆಯವ:

ನಾನು ವೈದ್ಯನಲ್ಲ, ಎರಡೂ ಕಣ್ಣಿಗೆ ಈ ಲೆನ್ಸ್ ಹಾಕಿಕೊಂಡು ತೋಟ ನೋಡಿಕೊಳ್ಳುವವನು. ನಿಮ್ಮ ಮಗಳ ವರದಿಯಂಥದ್ದೇ ನನ್ನ ಬಳಿಯೂ ಇದೆ. ಲೆನ್ಸ್ ಹಾಕಿಕೊಂಡು ಹೋಗಿ ಅಲ್ಲಿಯೇ ತೆಗೆದು ಸ್ಕ್ಯಾನ್ ಮಾಡಿಸಿದರೆ ಅಂಕಿ ಕಡಿಮೆ ಬರುತ್ತದೆ. ಕೆಲವು ದಿನ ಲೆನ್ಸ್ ಹಾಕದೆ ಇದ್ದು ಹೋದರೆ ಮೇಲೇರುತ್ತದೆ. ನನ್ನ ವೈದ್ಯರು ಈಗ ಲೆನ್ಸ್ ಬಿಟ್ಟು ಬಾರದಿದ್ದರೆ ಯಂತ್ರದ ಮುಂದೆ ಕೂರಿಸುವುದೇ ಇಲ್ಲ. ಹಾಗಾಗಿ ಸಾಗರದಿಂದ ರಾತ್ರಿ ರೈಲು ಹತ್ತಿ, ಬೆಳಗಿನ ಜಾವ ಬೆಂಗಳೂರಿನಲ್ಲಿ ತಮ್ಮನ ಭುಜ ಹಿಡಿದು ಇಳಿಯುತ್ತೇನೆ. ಪ್ಲಾಟ್‌ಫಾರ್ಮಿನ ಅಂಚು ಎಲ್ಲಿದೆ ಎನ್ನುವುದು ನನಗೆ ಆಗ ಅಂದಾಜಿನ ವಿಷಯ.

ಬಿಳಿಗುಡ್ಡೆಯ ಗುರುತು ನನಗೂ ಬೀಳುತ್ತದೆ. ಊಟ ಮಾಡಿ ಮಲಗುವ ಹೊತ್ತಿಗೆ ಮಾಯವಾಗಿರುತ್ತದೆ. ನಿಮ್ಮ ಭಾವನವರಿಗೆ ಇನ್ನೆರಡು ಗಂಟೆ ಎಚ್ಚರವಾಗಿದ್ದು ಇನ್ನೊಮ್ಮೆ ನೋಡಲು ಹೇಳಿ.

ನೇತ್ರಮಾಪಕಿ, ಶಿವಮೊಗ್ಗ:

ನಾನು ಆಪ್ಟೊಮೆಟ್ರಿಸ್ಟ್. ಇಂಥ ಲೆನ್ಸ್ ಅಳವಡಿಸುವುದೇ ನನ್ನ ಕೆಲಸ. ಉತ್ತರಿಸುವ ಮೊದಲು ಒಂದು ಪ್ರಶ್ನೆ: ಮೊನ್ನೆಯ ಸ್ಕ್ಯಾನಿಗೆ ಎಷ್ಟು ಹೊತ್ತು ಮೊದಲು ಲೆನ್ಸ್ ತೆಗೆದಿದ್ದಳು?

ಮಂಡಗದ್ದೆ ತೋಟದವರು:

ಅಲ್ಲಿಯೇ ತೆಗೆದಳು. ಬೆಳಗ್ಗೆ ಏಳಕ್ಕೆ ಹಾಕಿಕೊಂಡಿದ್ದಳು, ಸ್ಕ್ಯಾನ್ ಆಗಿದ್ದು ಹನ್ನೆರಡರ ಸುಮಾರಿಗೆ. ಮೊದಲ ಸ್ಕ್ಯಾನಿನ ಕಾಲಕ್ಕೆ ಅವಳು ಯಾವ ಲೆನ್ಸನ್ನೂ ಕಣ್ಣಿಗೆ ಹಾಕಿದವಳಲ್ಲ.

ನೇತ್ರಮಾಪಕಿ, ಶಿವಮೊಗ್ಗ:

ಹಾಗಾದರೆ ಆ ಎರಡು ವರದಿಗಳನ್ನು ಅಕ್ಕಪಕ್ಕ ಇಟ್ಟು ಹೋಲಿಸುವಂತೆಯೇ ಇಲ್ಲ. ಒಂದು ಬರಿಗಣ್ಣಿನದು, ಇನ್ನೊಂದು ಐದು ಗಂಟೆ ಲೆನ್ಸ್ ಹೊತ್ತು ಆಗಷ್ಟೇ ಇಳಿಸಿದ ಕಣ್ಣಿನದು. ಇದನ್ನು ಲೆನ್ಸ್ ಕೊಟ್ಟವರೇ ನಿಮಗೆ ಹೇಳಬೇಕಾಗಿತ್ತು.

ಲೆನ್ಸು ಶಂಕುವನ್ನು ಒತ್ತಿ ಸರಿಮಾಡುತ್ತದೆ ಎನ್ನುವುದು ಬಹಳ ಹಳೆಯ ಆಸೆ. 1888ರಲ್ಲಿ ಪ್ಯಾರಿಸ್ಸಿನ ಯೂಜೀನ್ ಕಾಲ್ಟ್ ಎಂಬ ವೈದ್ಯರು ಕೆರಟೋಕೋನಸ್ ರೋಗಿಗಳ ಕಣ್ಣಿಗೆ ಗಾಜಿನ ಚಿಪ್ಪು ಹಾಕಿದ್ದು ಅದೇ ಉದ್ದೇಶದಿಂದ: ಮುಂದಕ್ಕೆ ಉಬ್ಬಿದ ತುದಿಯನ್ನು ಅದುಮಿ ಚಪ್ಪಟೆಯಾಗಿಸಲು. ಇಂದಿನ ಸ್ಕ್ಲೀರಲ್ ಲೆನ್ಸಿನ ತತ್ತ್ವ ಅದಕ್ಕೆ ನೇರ ವಿರುದ್ಧ. ಅದು ಕಾರ್ನಿಯಾವನ್ನು ಮುಟ್ಟಲೇಬಾರದು. ಕಾರ್ನಿಯಾದ ಅಡ್ಡಳತೆ ಹನ್ನೆರಡು ಮಿಲಿಮೀಟರಿನ ಆಸುಪಾಸು. ನಿಮ್ಮ ಮಗಳ ಲೆನ್ಸ್ 15ರಿಂದ 18 ಮಿಲಿಮೀಟರಿನ ನಡುವೆ ಇರಬಹುದು. ಅದರ ಭಾರವೆಲ್ಲ ಬಿಳಿಗುಡ್ಡೆಯ ಮೇಲೆ. ಕಾರ್ನಿಯಾದ ಮೇಲೆ ಅದು ಕಮಾನು ಕಟ್ಟಿ ನಿಲ್ಲುತ್ತದೆ, ನಡುವೆ ಇರುವುದು ಸಲೈನ್. ಹಾಕಿದ ಹೊಸದರಲ್ಲಿ ಆ ನೀರಿನ ಪದರ ಸುಮಾರು 300 ಮೈಕ್ರಾನ್ ಇದ್ದರೆ, ಲೆನ್ಸಿನ ಅಂಚು ಬಿಳಿಗುಡ್ಡೆಯ ಮೆತ್ತನೆಯ ಪೊರೆಯಲ್ಲಿ ಹುದುಗುತ್ತ ಹೋದಂತೆ ಕೆಲವು ಗಂಟೆಗಳಲ್ಲಿ ನೂರು ಮೈಕ್ರಾನಿನಷ್ಟು ಇಳಿಯುತ್ತದೆ. ಇಳಿದ ಮೇಲೂ ಮುಟ್ಟಬಾರದು, ಹಾಗೆ ಲೆಕ್ಕ ಹಾಕಿಯೇ ನಾವು ಅಳವಡಿಸುವುದು. ಉಬ್ಬುತಗ್ಗನ್ನು ನೀರು ತುಂಬುತ್ತದೆ, ಬೆಳಕು ಲೆನ್ಸಿನ ನುಣುಪಾದ ಮೇಲ್ಮೈಯಿಂದ ಒಳಗೆ ಹೋಗುತ್ತದೆ, ಅಕ್ಷರ ಒಂದೇ ಆಗಿ ಕಾಣುತ್ತದೆ. ಅಡಿಯಲ್ಲಿ ಶಂಕು ತನ್ನ ಪಾಡಿಗೆ ಇದ್ದೇ ಇದೆ.

ಮುಟ್ಟುವುದೇ ಇಲ್ಲ ಎಂದರೆ ಅಂಕಿ ಇಳಿದದ್ದು ಹೇಗೆ? ಇಳಿಯುವುದು ನಿಜ, ಯಂತ್ರದ ಸುಳ್ಳಲ್ಲ. ಕೆರಟೋಕೋನಸ್ ಇರುವವರಲ್ಲಿ ಇದನ್ನು ಅಳೆದು ನೋಡಿದ್ದಾರೆ: ಲೆನ್ಸ್ ತೆಗೆದ ಕೂಡಲೇ ಕಾರ್ನಿಯಾದ ಬಾಗು ತುಸು ಚಪ್ಪಟೆ, ಒಂದು ವಾರ ಲೆನ್ಸ್ ಇಲ್ಲದೆ ಇದ್ದ ಮೇಲೆ ಅಳೆದರೆ ಕೆ-ಮ್ಯಾಕ್ಸ್ ಸರಾಸರಿ ಒಂದು ಡಯಾಪ್ಟರಿನಷ್ಟು ಮೇಲೆ. ನಿಮ್ಮ ವರದಿಯಲ್ಲಿನ ಇಳಿತ 1.1. ಕಾರಣವಾಗಿ ಎರಡು ಸಂಗತಿಗಳನ್ನು ಹೇಳುತ್ತಾರೆ. ಲೆನ್ಸು ಮತ್ತು ಅದರಡಿಯ ನೀರನ್ನು ದಾಟಿ ಬರುವ ಆಮ್ಲಜನಕ ಸ್ವಲ್ಪ ಕಡಿಮೆ, ಆದ್ದರಿಂದ ಕಾರ್ನಿಯಾ ತುಸು ಊದಿಕೊಳ್ಳುತ್ತದೆ. ಜೊತೆಗೆ, ಹುದುಗಿ ಕೂತ ಲೆನ್ಸಿನ ಅಡಿಯಲ್ಲಿ ಒತ್ತಡ ಹೊರಗಿನದಕ್ಕಿಂತ ಸ್ವಲ್ಪ ಕಡಿಮೆಯಾಗುವ ಸಾಧ್ಯತೆ.

ಊತದ ಲೆಕ್ಕವನ್ನು ನೀವೇ ಮಾಡಿ ನೋಡಬಹುದು. ಸರಿಯಾಗಿ ಕೂತ ಲೆನ್ಸಿನಲ್ಲಿ ಕೆಲವು ಗಂಟೆ ಕಳೆದರೆ ಕಾರ್ನಿಯಾದ ದಪ್ಪ ಸಾಮಾನ್ಯವಾಗಿ ಶೇಕಡಾ ಒಂದೆರಡರಷ್ಟು ಹೆಚ್ಚುತ್ತದೆ. 438ಕ್ಕೆ ಏಳು ಮೈಕ್ರಾನ್ ಸೇರಿದರೆ 445. ಏಳು ಎಂದರೆ ಶೇಕಡಾ 1.6. ಕಾರ್ನಿಯಾ ಬೆಳೆಯಲಿಲ್ಲ, ನೀರು ಹೀರಿಕೊಂಡಿತು. ಅಷ್ಟು ಊತದಿಂದ ಕಣ್ಣಿಗೆ ಅಪಾಯವಿಲ್ಲ, ನಿದ್ದೆಯಿಂದ ಏಳುವಾಗ ನಮ್ಮೆಲ್ಲರ ಕಾರ್ನಿಯಾವೂ ಅಷ್ಟೋ ಅದಕ್ಕಿಂತ ಹೆಚ್ಚೋ ಊದಿರುತ್ತದೆ.

ಅಪಾಯವಿರುವುದು ಆ ಅಂಕಿಯನ್ನು ನಂಬಿ ತೀರ್ಮಾನ ಮಾಡುವುದರಲ್ಲಿ. ಈ ಒಂದು ವರ್ಷದಲ್ಲಿ ಅವಳ ಶಂಕು ನಿಜವಾಗಿ ಅರ್ಧ ಡಯಾಪ್ಟರ್ ಮುಂದುವರಿದಿದೆ ಎಂದುಕೊಳ್ಳಿ. ಲೆನ್ಸಿನ ತಾತ್ಕಾಲಿಕ ಚಪ್ಪಟೆತನ ಅದನ್ನು ಪೂರ್ತಿ ಮುಚ್ಚಿ, ಮೇಲೆ ಸುಧಾರಣೆಯ ಬಣ್ಣವನ್ನೂ ಬಳಿದಿರುತ್ತದೆ. ಕಾಯಿಲೆ ಮುಂದುವರಿದಿದೆಯೇ ಎಂದು ನಿರ್ಧರಿಸಲು ನಾವು ಹುಡುಕುವ ವ್ಯತ್ಯಾಸವೂ ಒಂದು ಡಯಾಪ್ಟರಿನ ಆಸುಪಾಸಿನದೇ. ದಪ್ಪದ ವಿಷಯವೂ ಹಾಗೆಯೇ: ಸಾಮಾನ್ಯ ವಿಧಾನದ ಕ್ರಾಸ್‌ಲಿಂಕಿಂಗ್‌ಗೆ ಕಾರ್ನಿಯಾ 400 ಮೈಕ್ರಾನ್ ಇರಬೇಕು, ಅದೂ ಮೇಲಿನ ತೆಳುಪೊರೆಯನ್ನು ತೆಗೆದ ಮೇಲೆ. ಆ ಪೊರೆಯೇ ಐವತ್ತು ಮೈಕ್ರಾನಿನಷ್ಟು ಇರುತ್ತದೆ; ಶಂಕುವಿನ ತುದಿಯಲ್ಲಿ ಅದಕ್ಕಿಂತ ಕಡಿಮೆ. 438 ಎನ್ನುವುದೇ ಅಂಚಿನ ಅಂಕಿ. ಅಲ್ಲಿ ಊದಿದ ಏಳು ಮೈಕ್ರಾನ್ ಸಣ್ಣದಲ್ಲ.

ಆದ್ದರಿಂದ ಬಲಗಣ್ಣಿನ ಲೆನ್ಸನ್ನು ಒಂದು ವಾರ ಬಿಟ್ಟು ಮತ್ತೆ ಸ್ಕ್ಯಾನ್ ಮಾಡಿಸಿ. ಮೊದಲ ಸ್ಕ್ಯಾನ್ ಯಾವ ಯಂತ್ರದಲ್ಲಿ ಆಗಿತ್ತೋ ಅದೇ ಮಾದರಿಯ ಯಂತ್ರದಲ್ಲಿ, ಸಾಧ್ಯವಾದರೆ ದಿನದ ಅದೇ ಹೊತ್ತಿಗೆ. ಒಂದೇ ಕೂರಿಕೆಯಲ್ಲಿ ಎರಡು ಮೂರು ಬಾರಿ ತೆಗೆಯಲು ಹೇಳಿ. ಇಷ್ಟು ಕಡಿದಾದ ಶಂಕುವಿನಲ್ಲಿ ಒಂದರ ಹಿಂದೆ ಒಂದು ತೆಗೆದ ಸ್ಕ್ಯಾನುಗಳೇ ಒಂದಕ್ಕೊಂದು ಹೊಂದುವುದಿಲ್ಲ. ಕೆಲವರು ಇಪ್ಪತ್ನಾಲ್ಕು ಗಂಟೆ ಸಾಕು ಎನ್ನುತ್ತಾರೆ. ಕ್ರಾಸ್‌ಲಿಂಕಿಂಗ್ ನಿರ್ಧಾರ ಬಾಕಿ ಇರುವಾಗ ನಾನು ವಾರಕ್ಕಿಂತ ಕಡಿಮೆ ಹೇಳುವುದಿಲ್ಲ.

ಇನ್ನು ನಿಮ್ಮ ಭಾವನವರ ವೃತ್ತ. ವಾಚಿನ ಪಟ್ಟಿ ಬಿಚ್ಚಿದಾಗ ಮಣಿಕಟ್ಟಿನಲ್ಲಿ ಉಳಿಯುವ ಗುರುತಿಗೂ ಅದಕ್ಕೂ ವ್ಯತ್ಯಾಸವಿಲ್ಲ. ತಗ್ಗಾಗುವುದು ಮುಖ್ಯವಾಗಿ ಬಿಳಿಗುಡ್ಡೆಯ ಮೇಲೆ ಹೊದ್ದ ಮೆತ್ತನೆಯ ಪೊರೆ, ಕಣ್ಣಿನ ಗಟ್ಟಿ ಗೋಡೆಯಲ್ಲ. ಕೆಲವೇ ಗಂಟೆಗಳಲ್ಲಿ ಬಹುಪಾಲು ಮೊದಲಿನಂತಾಗುತ್ತದೆ. ಬಿಳಿಗುಡ್ಡೆ ಎಲ್ಲ ಕಡೆ ಒಂದೇ ಸಮನಾಗಿ ದುಂಡಗೂ ಇಲ್ಲ. ಮೂಗಿನ ಕಡೆ ಎತ್ತರ, ಹೊರಗಡೆ ತಗ್ಗು. ಹಾಗಾಗಿ ಲೆನ್ಸ್ ಕೆಳಕ್ಕೆ, ಕಿವಿಯ ಕಡೆಗೆ ತುಸು ಜಾರಿ ಕೂರುತ್ತದೆ, ಗುರುತೂ ಒಂದು ಕಡೆ ಗಾಢ, ಇನ್ನೊಂದು ಕಡೆ ತಿಳಿ.

ಭಾವನವರು ಗಮನಿಸಬೇಕಾದ್ದು ಬೇರೆ. ಲೆನ್ಸ್ ಕಣ್ಣಿನಲ್ಲಿರುವಾಗ ಅಂಚಿನ ಕೆಳಗೆ ರಕ್ತನಾಳಗಳು ಬಿಳಿಚಿಕೊಂಡಿವೆಯೇ? ತೆಗೆಯುವಾಗ ಹಿಡಿದುಕೊಂಡು ಬಿಡದೆ ಕಾಡುತ್ತದೆಯೇ? ತೆಗೆದ ಮೇಲೆ ಕಣ್ಣು ಇನ್ನಷ್ಟು ಕೆಂಪಾಗುತ್ತದೆಯೇ? ಮರುದಿನ ಬೆಳಗ್ಗೆಯೂ ಗುರುತು ಇದೆಯೇ? ಇವುಗಳಲ್ಲಿ ಯಾವುದಕ್ಕಾದರೂ ಹೌದು ಎಂದಾದರೆ ಅಂಚು ಬಿಗಿಯಾಗಿದೆ, ಬದಲಿಸಿ ಮಾಡಿಸಬೇಕು. ಎರಡು ದಿಕ್ಕಿಗೆ ಎರಡು ಬಾಗು ಇರುವ ಟೋರಿಕ್ ಅಂಚು ಇಂಥ ಕಣ್ಣುಗಳಿಗೆ ಸಾಮಾನ್ಯವಾಗಿ ಹೊಂದುತ್ತದೆ.

ಕೊನೆಯದಾಗಿ ಕಡತದ ಆ ಚೀಟಿ. ಲೆನ್ಸು ದೃಷ್ಟಿ ಕೊಡುತ್ತದೆ, ಕಾಯಿಲೆಯನ್ನು ನಿಲ್ಲಿಸುವುದಿಲ್ಲ. ನಿಲ್ಲಿಸಲು ಇರುವುದು ಕ್ರಾಸ್‌ಲಿಂಕಿಂಗ್: ರೈಬೋಫ್ಲೇವಿನ್ ಹನಿ ಹಾಕಿ, 365 ನ್ಯಾನೋಮೀಟರಿನ ಅತಿನೇರಳೆ ಬೆಳಕನ್ನು ಬಿಟ್ಟು ಕಾರ್ನಿಯಾದ ಕೊಲಾಜೆನ್ ಎಳೆಗಳ ನಡುವೆ ಹೊಸ ಬೆಸುಗೆ ಹುಟ್ಟಿಸುವುದು. ಜರ್ಮನಿಯ ಡ್ರೆಸ್ಡೆನ್‌ನ ತಂಡ 2003ರಲ್ಲಿ ರೋಗಿಗಳ ಮೇಲಿನ ಮೊದಲ ಫಲಿತಾಂಶ ಪ್ರಕಟಿಸಿದ ಮೇಲೆ ಅದು ಎಲ್ಲ ಕಡೆ ಬಂತು. ಹತ್ತೊಂಬತ್ತು ಎಂದರೆ ಶಂಕು ಚುರುಕಾಗಿ ಮುಂದುವರಿಯುವ ವಯಸ್ಸು. ನಲವತ್ತರ ಸಮೀಪ ಬಂದವರು ಕಾದು ನೋಡೋಣ ಎಂದರೆ ನಾನು ಒಪ್ಪುತ್ತೇನೆ, ಇವಳಿಗೆ ಒಪ್ಪುವುದಿಲ್ಲ. ಎಡಗಣ್ಣಿನ ಬಗ್ಗೆಯೂ ವೈದ್ಯರನ್ನು ಕೇಳಿ. ಚೆನ್ನಾಗಿರುವ ಕಣ್ಣನ್ನು ಹಾಗೆಯೇ ಉಳಿಸಿಕೊಳ್ಳುವುದು ಹೆಚ್ಚು ಲಾಭದ ಕೆಲಸ.

ಭದ್ರಾವತಿಯ ಓದುಗ:

ಒಂದು ಅಡ್ಡ ಪ್ರಶ್ನೆ. ಐದು ಗಂಟೆಯಲ್ಲಿ ಒಂದು ಡಯಾಪ್ಟರ್ ಚಪ್ಪಟೆಯಾಗುತ್ತದೆ ಎಂದಾದರೆ ರಾತ್ರಿಯಿಡೀ ಹಾಕಿ ಮಲಗಿ ಇನ್ನಷ್ಟು ಚಪ್ಪಟೆ ಮಾಡಬಾರದೇಕೆ? ನನ್ನ ಅಕ್ಕನ ಮಗ ಸಮೀಪದೃಷ್ಟಿಗೆ ರಾತ್ರಿ ಮಾತ್ರ ಹಾಕುವ ಆರ್ಥೋ-ಕೆ ಲೆನ್ಸ್ ಬಳಸುತ್ತಾನೆ. ಹಗಲು ಕನ್ನಡಕವೇ ಬೇಡ.

ನೇತ್ರಮಾಪಕಿ, ಶಿವಮೊಗ್ಗ:

ಪ್ರಶ್ನೆ ಅಡ್ಡದ್ದಲ್ಲ, ಆದರೆ ದಯವಿಟ್ಟು ಯಾರೂ ಪ್ರಯೋಗ ಮಾಡಬೇಡಿ. ಆರ್ಥೋ-ಕೆ ಆರೋಗ್ಯವಾದ ಕಾರ್ನಿಯಾದ ಮೇಲ್ಪೊರೆಯನ್ನು ಮಾತ್ರ ರಾತ್ರಿ ಹೊತ್ತು ಹೊಂದಿಸುತ್ತದೆ, ಹಾಕುವುದನ್ನು ಬಿಟ್ಟರೆ ಅದೂ ಹಿಂದಿರುಗುತ್ತದೆ. ಕೆರಟೋಕೋನಸ್ ಇರುವವರಿಗೆ ಅದನ್ನು ಕೊಡುವುದೇ ಇಲ್ಲ. ಇಲ್ಲಿ ಸಡಿಲವಾಗಿರುವುದು ಮೇಲ್ಪೊರೆಯಲ್ಲ, ಅದರಡಿಯ ಕೊಲಾಜೆನ್ ಚೌಕಟ್ಟು. ರೆಪ್ಪೆ ಮುಚ್ಚಿದಾಗ ಆಮ್ಲಜನಕ ಮೊದಲೇ ಕಡಿಮೆ, ಅದರ ಮೇಲೆ ಸ್ಕ್ಲೀರಲ್ ಲೆನ್ಸೂ ಇದ್ದರೆ ಶೇಕಡಾ ಒಂದೆರಡರ ಊತ ಎಲ್ಲಿಗೋ ಹೋಗುತ್ತದೆ. ಲೆನ್ಸ್ ಹಾಕಿಕೊಂಡೇ ಮಲಗುವವರಲ್ಲಿ ಕಾರ್ನಿಯಾದ ಸೋಂಕೂ ಹೆಚ್ಚು.

ಆಕಾರವನ್ನು ನಿಜವಾಗಿ ಬದಲಿಸುವ ಅಭ್ಯಾಸ ಒಂದಿದೆ, ಅದು ಕಣ್ಣು ಉಜ್ಜುವುದು. ಮಂಡಗದ್ದೆಯವರೇ, ಮಗಳಿಗೆ ತುರಿಕೆ ಇದೆಯೇ?

ಮಂಡಗದ್ದೆ ತೋಟದವರು:

ಇದೆ. ಚಿಕ್ಕಂದಿನಿಂದ. ಸೀನು, ತುರಿಕೆ, ಕಣ್ಣು ಕೆಂಪು. ಅಡಿಕೆ ಸುಲಿಯುವ ಕಾಲದಲ್ಲಿ ಹೆಚ್ಚು. ಒಣಗಿದ ಸಿಪ್ಪೆಯ ದೂಳು, ಹಂಡೆಯ ಒಲೆಯ ಹೊಗೆ, ಎಲ್ಲ ಒಟ್ಟಿಗೆ. ಮಳೆಗಾಲದಲ್ಲಿ ಬೂಷ್ಟು. ಬೆರಳ ಗೆಣ್ಣಿನಿಂದ ಒತ್ತಿ ಉಜ್ಜುತ್ತಾಳೆ. ಬಲಗಣ್ಣನ್ನು ಹೆಚ್ಚು ಉಜ್ಜುತ್ತಾಳೆ ಎಂದು ಅವಳ ತಾಯಿ ಈಗ ಪಕ್ಕದಲ್ಲಿ ನಿಂತು ಹೇಳುತ್ತಿದ್ದಾಳೆ.

ನೇತ್ರಮಾಪಕಿ, ಶಿವಮೊಗ್ಗ:

ತಾಯಿ ಹೇಳಿದ್ದನ್ನು ವೈದ್ಯರಿಗೆ ಹಾಗೆಯೇ ಹೇಳಿ. ಅಲರ್ಜಿಗೆ ನಿಯಮಿತ ಔಷಧಿ ಬೇಕು, ಕ್ರಾಸ್‌ಲಿಂಕಿಂಗ್ ಆದ ಮೇಲೂ ಬೇಕು. ಸ್ಟಿರಾಯ್ಡ್ ಹನಿಯನ್ನು ಮಾತ್ರ ಅಂಗಡಿಯಿಂದ ನೀವೇ ತಂದು ಹಾಕಬೇಡಿ, ಕಣ್ಣಿನ ಒತ್ತಡ ಏರುತ್ತದೆ. ಮತ್ತು ಲೆನ್ಸ್ ತೆಗೆದ ಕೂಡಲೇ ಉಜ್ಜಬೇಕೆನ್ನಿಸುತ್ತದೆ, ಎಲ್ಲರೂ ಹೇಳುತ್ತಾರೆ. ಆ ಹೊತ್ತಿಗೆ ಕೈಗೆ ತಣ್ಣನೆಯ ಒದ್ದೆ ಬಟ್ಟೆ ಕೊಡಿ, ಮುಚ್ಚಿದ ರೆಪ್ಪೆಯ ಮೇಲೆ ಸುಮ್ಮನೆ ಇಟ್ಟುಕೊಳ್ಳಲಿ.

ಸಾಗರದ ಸೀಮೆಯವ:

ತೋಟದ ಮನೆ ಎಂದಿರಿ, ಹಾಗಾಗಿ ಒಂದೆರಡು ಮಾತು. ರಜೆಗೆ ಬಂದಾಗ ಲೆನ್ಸನ್ನು ಅಬ್ಬಿಯ ನೀರಿನಲ್ಲಿ ತೊಳೆಯಲು ಬಿಡಬೇಡಿ. ನಮ್ಮ ಅಬ್ಬಿಯ ನೀರು ಎಷ್ಟು ತಿಳಿ ಎಂದು ನಮಗೆ ಜಂಬ ಇರುತ್ತದೆ, ಕಾರ್ನಿಯಾಕ್ಕೆ ಸೋಂಕು ತರುವ ಅಕಾಂತಮೀಬ ಎಂಬ ಸೂಕ್ಷ್ಮಜೀವಿಗೆ ಅದರ ಪರಿವೆಯಿಲ್ಲ. ಬಾವಿ, ನಲ್ಲಿ, ಕಾಯಿಸಿ ಆರಿಸಿದ್ದು, ಯಾವುದೂ ಬೇಡ. ಲೆನ್ಸಿಗೆ ತುಂಬಲು ಸಂರಕ್ಷಕ ಹಾಕದ ಸಲೈನ್, ಒಮ್ಮೆ ಒಡೆದರೆ ಮುಗಿಸಿಬಿಡುವ ಸಣ್ಣ ಕೊಳವೆಯದು. ದೊಡ್ಡ ಬಾಟಲಿ ಒಡೆದು ವಾರವಿಡೀ ಇಟ್ಟುಕೊಳ್ಳುವ ಉಳಿತಾಯ ಬೇಡ.

ಕೊಳೆ ರೋಗಕ್ಕೆ ಬೋರ್ಡೋ ಹೊಡೆಯುವ ದಿನ ಅವಳು ತೋಟದ ಕಡೆ ಬರುವುದಾದರೆ ಲೆನ್ಸ್ ಬೇಡ, ಮುಚ್ಚು ಕನ್ನಡಕ ಬೇಕು. ಮೈಲುತುತ್ತ, ಸುಣ್ಣ ಎರಡೂ ಕಣ್ಣಿಗೆ ವೈರಿಗಳು, ಲೆನ್ಸಿನ ಅಂಚಿನಲ್ಲಿ ಸಿಕ್ಕಿಕೊಂಡರೆ ತೊಳೆಯುವುದೂ ತಡವಾಗುತ್ತದೆ. ದೂಳಿನ ಕೆಲಸದಲ್ಲಿ ಮಾತ್ರ ನನಗೆ ಈ ಲೆನ್ಸೇ ರಕ್ಷಣೆ. ಮಧ್ಯಾಹ್ನದ ಹೊತ್ತಿಗೆ ಒಳಗಿನ ನೀರು ಮಸುಕಾಗುವುದುಂಟು. ತೆಗೆದು, ಹೊಸ ಸಲೈನ್ ತುಂಬಿ ಮತ್ತೆ ಹಾಕಿಕೊಂಡರೆ ಸಂಜೆಯವರೆಗೆ ಚಿಂತೆಯಿಲ್ಲ.

ಮಂಡಗದ್ದೆ ತೋಟದವರು:

ಎಲ್ಲರಿಗೂ ಕೃತಜ್ಞತೆ. ಬೆಂಗಳೂರಿಗೆ ಫೋನ್ ಮಾಡಿದೆ, ಬರುವ ತಿಂಗಳು ದಿನ ಕೊಟ್ಟಿದ್ದಾರೆ. ಅವರೂ ಹೇಳಿದ್ದು ಅದೇ: ವಾರ ಮೊದಲೇ ಲೆನ್ಸ್ ಬಿಟ್ಟು ಬನ್ನಿ. ಮಗಳು ಮಾತ್ರ ಸಿಡಿಮಿಡಿ. ಪ್ರಯೋಗಾಲಯದಲ್ಲಿ ಬ್ಯುರೆಟ್ಟಿನ ಗೆರೆ ಓದುವುದು ಹೇಗೆ ಎಂದು ಜಗಳ. ಎಡಗಣ್ಣಿನ ಕನ್ನಡಕದಲ್ಲಿ ಒಂದು ವಾರ ಸಂಭಾಳಿಸು, ಗೆರೆ ಓದಲು ಗೆಳತಿಯನ್ನು ಕರೆ ಎಂದಿದ್ದೇನೆ. ಭಾವನವರು ನಿನ್ನೆ ರಾತ್ರಿ ಹನ್ನೊಂದಕ್ಕೆ ಟಾರ್ಚ್ ಹಿಡಿದು ನೋಡಿದರು. ಗುರುತು ಕಾಣಲಿಲ್ಲ. ಆದರೂ ಬೆಳಗ್ಗೆ ಇನ್ನೊಮ್ಮೆ ನೋಡುತ್ತೇನೆ ಎಂದು ಹೇಳಿ ಮಲಗಿದರು.

ಒಂದು ಸಂದೇಹ ಉಳಿದಿದೆ. ಆ ವಾರ ಲೆನ್ಸನ್ನು ಮನೆಯಲ್ಲೇ ಬಿಟ್ಟು ಹೋಗುವುದೇ?

ನೇತ್ರಮಾಪಕಿ, ಶಿವಮೊಗ್ಗ:

ಬೇಡ, ಜೊತೆಗೆ ಒಯ್ಯಿರಿ. ಹೊರಡುವ ಹಿಂದಿನ ರಾತ್ರಿ ಹೊಸ ದ್ರಾವಣದಲ್ಲಿ ಮತ್ತೊಮ್ಮೆ ಸೋಂಕು ತೆಗೆದು ಡಬ್ಬಿಯಲ್ಲಿ ಇಡಿ. ಪೆರಾಕ್ಸೈಡ್ ಆದರೆ ಆರು ಗಂಟೆ ಪೂರ್ತಿ ಬಿಡಬೇಕು. ಸ್ಕ್ಯಾನ್ ಮುಗಿದ ಮೇಲೆ ಅಲ್ಲಿಯೇ ಹಾಕಿಕೊಂಡು, ಎರಡು ಮೂರು ಗಂಟೆ ಕಳೆದ ನಂತರ ಸ್ಲಿಟ್‌ಲ್ಯಾಂಪಿನಲ್ಲಿ (ಕಣ್ಣು ಪರೀಕ್ಷಿಸುವ ಸೂಕ್ಷ್ಮದರ್ಶಕ) ನೀರಿನ ಪದರ ಎಷ್ಟು ಉಳಿದಿದೆ, ಅಂಚು ಎಲ್ಲಿಯಾದರೂ ರಕ್ತನಾಳಗಳನ್ನು ಅದುಮುತ್ತಿದೆಯೇ ಎಂದು ನೋಡಿಸಿ. ಕ್ರಾಸ್‌ಲಿಂಕಿಂಗ್ ಮಾಡಿಸಿದರೆ ಮೇಲ್ಪೊರೆ ಪೂರ್ತಿ ಮಾಯುವವರೆಗೆ ಲೆನ್ಸ್ ಹಾಕುವಂತಿಲ್ಲ. ಮತ್ತೆ ಯಾವಾಗ ಎಂಬುದನ್ನು ಶಸ್ತ್ರವೈದ್ಯರೇ ಹೇಳಬೇಕು. ಆಮೇಲಿನ ಒಂದೆರಡು ವರ್ಷಗಳಲ್ಲಿ ಬಾಗು ನಿಜವಾಗಿಯೇ ತುಸು ಇಳಿಯಬಹುದು. ಆಗ ಈ ಲೆನ್ಸನ್ನು ಮರುಅಳತೆ ಮಾಡಿಸಬೇಕಾಗುತ್ತದೆ. ಅದರ ಖರ್ಚನ್ನೂ ಈಗಲೇ ಲೆಕ್ಕಕ್ಕೆ ಹಿಡಿದುಕೊಳ್ಳಿ.